ಕೈಯಲ್ಲಿ ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು

ಮತದಾನದ ದಿನ ಮತಗಟ್ಟೆಯ ಅಂಗಳದಲ್ಲಿ ಮತದಾರರ ಪಟ್ಟಿ ಹರಡಿಕೊಂಡು ಕುಳಿತವರಿಗೆಲ್ಲ ಈ ನೋವು ಗೊತ್ತು. ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದ ಹಿರಿಯರು ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು ಒಳಗೆ ಹೋಗುತ್ತಾರೆ, ಹೆಸರಿಲ್ಲ ಎನಿಸಿಕೊಂಡು ಹೊರಬರುತ್ತಾರೆ. ‘ಹೋದ ಸಲ ಹಾಕಿದ್ದೆನಲ್ಲಮ್ಮ’ ಎಂದು ನನ್ನ ಮುಖ ನೋಡುತ್ತಾರೆ. ಆಗ ನಾನಾಗಲಿ, ತಹಶೀಲ್ದಾರರಾಗಲಿ ಏನೂ ಮಾಡಲಾಗದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಒಂದು ಹೆಸರನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. 1950ರ ಜನಪ್ರಾತಿನಿಧ್ಯ ಕಾಯ್ದೆಯ 23ನೇ ಕಲಂ ಹಾಗೆ ಹೇಳುತ್ತದೆ.

ನಾನು ಶಾಲಾ ಶಿಕ್ಷಕಿ. ಪಾಠದ ಜೊತೆಗೆ ಕೆಲವು ವರ್ಷ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಆಗಿ ಮನೆ ಮನೆ ತಿರುಗಿದ್ದೇನೆ. ಜನ ಎಲ್ಲಿ ಎಡವುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದವಳಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮೊದಲು ಹುಡುಕಿ

ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ, ಅಂದರೆ ಗುರುತಿನ ಚೀಟಿಯ ಸಂಖ್ಯೆ ಹಾಕಿದರೆ ಹೆಸರು ಬರಬೇಕು. ಬಂದರೆ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಾರದಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಬಿಎಲ್‌ಒ ಬಳಿ ಇರುವ ಪಟ್ಟಿಯನ್ನೇ ನೋಡಿ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ ಗಾಬರಿ ಬೇಡ. ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿಯಂತಹ ಆಯೋಗ ಒಪ್ಪುವ ಬೇರೆ ಗುರುತಿನ ದಾಖಲೆ ತೋರಿಸಿ ಮತ ಹಾಕಬಹುದು. ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಾತ್ರ ದಾರಿಯಿಲ್ಲ.

ಹೆಜ್ಜೆ 2: ಸರಿಯಾದ ನಮೂನೆ ಆರಿಸಿ

ಎಲ್ಲೂ ಹೆಸರಿಲ್ಲದವರಿಗೆ ನಮೂನೆ-6. ಹೆಸರು ಇದ್ದು ಮನೆ ಬದಲಾದವರಿಗೆ, ತಿದ್ದುಪಡಿ ಬೇಕಾದವರಿಗೆ, ಚೀಟಿ ಕಳೆದುಕೊಂಡವರಿಗೆ ನಮೂನೆ-8. ಹೆಸರು ತೆಗೆಸಲು ನಮೂನೆ-7. ಹೊರದೇಶದಲ್ಲಿರುವ ಭಾರತೀಯ ನಾಗರಿಕರಿಗೆ ನಮೂನೆ-6ಎ. ಯಾವುದಕ್ಕೂ ಶುಲ್ಕವಿಲ್ಲ.

ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟಿದವು. ಹಾಸನದಲ್ಲಿ ಹೆಸರಿದ್ದವರು ಮೈಸೂರಿಗೆ ಬಂದು ನೆಲೆಸುತ್ತಾರೆ. ‘ಹೊಸ ಊರು, ಹೊಸ ಅರ್ಜಿ’ ಎಂದುಕೊಂಡು ನಮೂನೆ-6 ತುಂಬುತ್ತಾರೆ. ಆ ನಮೂನೆಯ ಕೊನೆಯಲ್ಲಿ, ಬೇರೆ ಯಾವ ಕ್ಷೇತ್ರದ ಪಟ್ಟಿಯಲ್ಲೂ ನನ್ನ ಹೆಸರಿಲ್ಲ ಎಂಬ ಘೋಷಣೆ ಇರುತ್ತದೆ. ಓದದೆ ಸಹಿ ಹಾಕುತ್ತಾರೆ. ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರಬಾರದು, ಒಂದೇ ಕ್ಷೇತ್ರದಲ್ಲಿ ಎರಡು ಸಲವೂ ಇರಬಾರದು. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಅದೇ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಶಿಕ್ಷೆಯ ಮಾತು ಹಾಗಿರಲಿ. ಎರಡು ಕಡೆ ಇರುವ ಹೆಸರಿಗೆ ಮುಂದಿನ ಪರಿಷ್ಕರಣೆಯಲ್ಲಿ ನೋಟಿಸು ಬರುತ್ತದೆ, ಅದು ಹಳೆಯ ವಿಳಾಸಕ್ಕೆ ಹೋಗಿ ಬೀಗ ಹಾಕಿದ ಬಾಗಿಲಲ್ಲಿ ಬಿದ್ದಿರುತ್ತದೆ.

ಆದ್ದರಿಂದ ಮನೆ ಬದಲಾಯಿಸಿದವರೆಲ್ಲರೂ, ರಾಜ್ಯವೇ ಬದಲಾಗಿರಲಿ, ನಮೂನೆ-8ರಲ್ಲಿ ‘ವಾಸಸ್ಥಳ ಬದಲಾವಣೆ’ ಎಂಬುದನ್ನು ಆರಿಸಿ. ಅದೇ ವಿಧಾನಸಭಾ ಕ್ಷೇತ್ರದೊಳಗೋ ಹೊರಗೋ ಎಂದು ಕೇಳುತ್ತದೆ. ಹಳೆಯ ಎಪಿಕ್ ಸಂಖ್ಯೆ ಕೊಡಿ, ಹೊಸ ವಿಳಾಸ ತುಂಬಿ. ಅರ್ಜಿ ಅಂಗೀಕಾರವಾದರೆ ಹೊಸ ಕಡೆ ಹೆಸರು ಸೇರುತ್ತದೆ, ಹಳೆಯ ಕಡೆ ಹೋಗುತ್ತದೆ. ಎಪಿಕ್ ಸಂಖ್ಯೆ ಅದೇ ಉಳಿಯುತ್ತದೆ.

ಮದುವೆಯಾಗಿ ಬಂದ ಹೆಣ್ಣುಮಕ್ಕಳು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಹೆಸರು ತವರಿನಲ್ಲಿ, ತಂದೆಯ ಹೆಸರಿನ ಜೊತೆಗೆ ಇರುತ್ತದೆ. ಅತ್ತೆಮನೆಯವರು ಸೊಸೆಗೆ ಹೊಸ ಚೀಟಿ ಮಾಡಿಸೋಣ ಎಂದು ನಮೂನೆ-6 ತುಂಬಿಸುತ್ತಾರೆ. ಬೇಡ. ಸ್ಥಳ ಬದಲಾವಣೆಯೇ ಸರಿ. ನಮೂನೆ-8ರ ಒಂದು ಅರ್ಜಿಯಲ್ಲಿ ಒಂದು ಕೋರಿಕೆಯನ್ನು ಮಾತ್ರ ಆರಿಸಬೇಕಾದ್ದರಿಂದ, ಮೊದಲು ವಿಳಾಸ ಬದಲಾಗಲಿ. ಅದು ಅಂಗೀಕಾರವಾದ ಮೇಲೆ ಸಂಬಂಧಿಕರ ಹೆಸರಿನ ತಿದ್ದುಪಡಿಗೆ ಇನ್ನೊಂದು ಅರ್ಜಿ ಹಾಕಿ. ಎರಡನ್ನೂ ಒಟ್ಟಿಗೆ ಮಾಡಹೋಗಿ ಎರಡೂ ಕೆಟ್ಟದ್ದನ್ನು ನೋಡಿದ್ದೇನೆ.

ಹೆಸರು ಇರಬೇಕಾದದ್ದು ಊರಲ್ಲೋ ನಗರದಲ್ಲೋ ಎಂದು ಕೇಳುವವರು ಬಹಳ. ನೀವು ಎಲ್ಲಿಯ ಸಾಮಾನ್ಯ ನಿವಾಸಿಯೋ, ಅಂದರೆ ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೀರೋ, ಅಲ್ಲಿ. ಊರಿನಲ್ಲಿ ಸ್ವಂತ ಮನೆ ಇದೆ ಎಂಬುದೊಂದೇ ಕಾರಣಕ್ಕೆ ಅಲ್ಲಿನ ಸಾಮಾನ್ಯ ನಿವಾಸಿ ಎನಿಸುವುದಿಲ್ಲ. ಕೆಲವು ಕಾಲ ಹೊರಗಿದ್ದ ಮಾತ್ರಕ್ಕೆ ನಿವಾಸಿಯಲ್ಲ ಎಂದೂ ಆಗುವುದಿಲ್ಲ. ಇವೆರಡನ್ನೂ ಕಾಯ್ದೆಯ 20ನೇ ಕಲಂ ಹೇಳುತ್ತದೆ. ನನ್ನ ಸಲಹೆ ಖಚಿತ: ನೀವು ದಿನವೂ ನೀರು ಕುಡಿಯುವ, ಮಕ್ಕಳನ್ನು ಶಾಲೆಗೆ ಕಳುಹಿಸುವ ಜಾಗದಲ್ಲಿ ಹೆಸರಿರಲಿ. ಅಲ್ಲಿನ ರಸ್ತೆ, ಅಲ್ಲಿನ ಚರಂಡಿ ನಿಮ್ಮ ಬದುಕಿಗೆ ಸೇರಿದ್ದು.

ಹೆಜ್ಜೆ 3: ಹೆಸರು, ವಯಸ್ಸು, ವಿಳಾಸ

ಹದಿನೆಂಟು ತುಂಬಿದವರು ಹೆಸರು ಸೇರಿಸಲು ಜನವರಿ 1ನ್ನೇ ಕಾಯಬೇಕಿಲ್ಲ. ಈಗ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು.

ಹೆಸರನ್ನು ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರೆಯಿರಿ. ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಹೆಸರನ್ನು ತಂತ್ರಾಂಶ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ‘ಳ’ ಇದ್ದಲ್ಲಿ ‘ಲ’, ‘ಣ’ ಇದ್ದಲ್ಲಿ ‘ನ’ ಆಗಿಬಿಡುತ್ತದೆ. ಕನ್ನಡದ ಕಾಲಮನ್ನು ಕಣ್ಣಿಟ್ಟು ಓದಿ, ಕೈಯಾರೆ ತಿದ್ದಿ. ಮತಗಟ್ಟೆಗೆ ಬರುವುದು ಕನ್ನಡದ ಪಟ್ಟಿ.

ಬಾಡಿಗೆದಾರರು ಸೋಲುವುದು ವಿಳಾಸದಲ್ಲಿ. ಛಾಪಾ ಕಾಗದದ ಮೇಲಿನ ಹನ್ನೊಂದು ತಿಂಗಳ ಕರಾರುಪತ್ರವನ್ನು ಎಲ್ಲರೂ ಲಗತ್ತಿಸುತ್ತಾರೆ. ಆದರೆ ನಮೂನೆ ಕೇಳುವುದು ನೋಂದಾಯಿತ ಬಾಡಿಗೆ ಪತ್ರವನ್ನು. ಮನೆ ಮಾಲೀಕರ ಹೆಸರಿನ ವಿದ್ಯುತ್ ಬಿಲ್ಲೂ ಒದಗುವುದಿಲ್ಲ. ಬಿಲ್ಲು ನಿಮ್ಮ ಹೆಸರಿನಲ್ಲಿ ಅಥವಾ ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರುವ ಹತ್ತಿರದ ಸಂಬಂಧಿಯ ಹೆಸರಿನಲ್ಲಿ ಇರಬೇಕು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್‌ನಲ್ಲಿ ವಿಳಾಸ ಬದಲಿಸಿಕೊಳ್ಳುವುದು ನನ್ನ ಕಣ್ಣಿಗೆ ಅತ್ಯಂತ ಸುಲಭದ ದಾರಿ. ಯಾವ ದಾಖಲೆಯೂ ಇಲ್ಲವೆಂದು ಕೈಚೆಲ್ಲಬೇಡಿ. ಅಂತಹವರ ಮನೆಗೆ ಸ್ಥಳ ಪರಿಶೀಲನೆ ನಡೆಯಲೇಬೇಕು. ಸೂರೇ ಇಲ್ಲದವರಿಗೂ ಹಕ್ಕಿದೆ. ಅವರು ಹೇಳಿದ ಜಾಗದಲ್ಲಿ ಮಲಗುತ್ತಾರೆಯೇ ಎಂಬುದನ್ನು ಬಿಎಲ್‌ಒ ರಾತ್ರಿ ಹೋಗಿ ನೋಡಿಕೊಂಡು ಬರಬೇಕು.

ಸೈಬರ್ ಅಂಗಡಿಯ ಬಗ್ಗೆ ಒಂದು ಮಾತು. ಅರ್ಜಿ ತುಂಬಿಸಿಕೊಳ್ಳಿ, ಆದರೆ ಮೊಬೈಲ್ ಸಂಖ್ಯೆ ನಿಮ್ಮದೇ ಇರಲಿ. ಅವಸರದಲ್ಲಿ ಅಂಗಡಿಯವರ ಸಂಖ್ಯೆ ಹಾಕಿದ ಅರ್ಜಿಗಳನ್ನು ಹಿಡಿದು ನಾನು ಪರಿಶೀಲನೆಗೆ ಕರೆ ಮಾಡಿದಾಗ, ಅರ್ಜಿದಾರರು ಯಾರೆಂದೇ ಅವರಿಗೆ ನೆನಪಿರಲಿಲ್ಲ. ‘ಸ್ಮಾರ್ಟ್ ಕಾರ್ಡ್’ ಎಂದು ದುಡ್ಡು ಪಡೆದು ಅಚ್ಚು ಹಾಕಿಕೊಡುವ ಪ್ಲಾಸ್ಟಿಕ್ ಚೀಟಿಗೂ ಖರ್ಚು ಮಾಡಬೇಡಿ. ಪಟ್ಟಿಗೆ ಹೆಸರು ಸೇರಿದ ಮೇಲೆ ಆಯೋಗದ ಚೀಟಿ ಅಂಚೆಯಲ್ಲಿ ಬರುತ್ತದೆ. 2021ರ ಜನವರಿ 25ರಿಂದ ಇ-ಎಪಿಕ್ ಕೂಡ ಇದೆ, ಅದನ್ನು ಉಚಿತವಾಗಿ ಇಳಿಸಿಕೊಳ್ಳಬಹುದು.

ಹೆಜ್ಜೆ 4: ಸಲ್ಲಿಸಿದ ಮೇಲೆ ಸುಮ್ಮನಿರಬೇಡಿ

ಅರ್ಜಿ ಹಾಕಿದೊಡನೆ ಒಂದು ಉಲ್ಲೇಖ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಸ್ಥಿತಿ ನೋಡಿ. ಬಿಎಲ್‌ಒ ಬರುವುದು ಸಾಮಾನ್ಯವಾಗಿ ಶಾಲೆ ಬಿಟ್ಟ ಮೇಲೆ ಅಥವಾ ಭಾನುವಾರ. ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಅವರನ್ನು ತಡೆಯುವುದುಂಟು. ಭದ್ರತಾ ಸಿಬ್ಬಂದಿಗೆ ಮೊದಲೇ ಹೇಳಿಡಿ. ಹೊಸ ಅರ್ಜಿಗಳ ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆಗೆ ಏಳು ದಿನ ಬಿಡಬೇಕಾಗುತ್ತದೆ. ಚುನಾವಣೆ ಘೋಷಣೆಯಾದ ಮೇಲೆ ಓಡಿಬರುವವರು ಸಮಯ ಮೀರಿಸಿಕೊಳ್ಳುವುದು ಇದರಿಂದಲೇ. ಚುನಾವಣೆಯ ಸುದ್ದಿಯೇ ಇಲ್ಲದ ತಿಂಗಳಲ್ಲಿ ಅರ್ಜಿ ಹಾಕಿ.

ಹೆಜ್ಜೆ 5: ಹೆಸರು ಉಳಿಸಿಕೊಳ್ಳುವುದು

ಸೇರಿದ ಹೆಸರು ತಾನಾಗಿ ಉಳಿದುಕೊಳ್ಳುತ್ತದೆ ಎಂದು ನಂಬಬೇಡಿ. ಕರಡು ಪಟ್ಟಿ ಪ್ರಕಟವಾದಾಗಲೊಮ್ಮೆ, ಅಂತಿಮ ಪಟ್ಟಿ ಬಂದಾಗಲೊಮ್ಮೆ ಮನೆಯವರೆಲ್ಲರ ಹೆಸರನ್ನೂ ನೋಡಿ. ತೀರಿಕೊಂಡವರ ಹೆಸರಿಗೆ ನಮೂನೆ-7 ನೀವೇ ಕೊಡಿ. ಅದು ದುಃಖದ ಕೆಲಸ, ಆದರೆ ಮನೆಯವರು ಕೊಟ್ಟರೆ ತಪ್ಪಾಗುವುದಿಲ್ಲ. ಬೇರೆಯವರು ಅಂದಾಜಿನಲ್ಲಿ ಬರೆದುಕೊಟ್ಟಾಗ ಒಂದೇ ಹೆಸರಿನ ಬದುಕಿರುವವರ ಮೇಲೆ ಗೆರೆ ಬೀಳುತ್ತದೆ.

ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಮನೆ ಮನೆಗೆ ಹೋಗಿ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವಂತಹ ಸಂದರ್ಭದಲ್ಲಿ ಗಣತಿ ನಮೂನೆ ಮನೆಗೆ ಬರುತ್ತದೆ. ಅದನ್ನು ತುಂಬಿ ಮರಳಿಸದಿದ್ದರೆ ಕರಡು ಪಟ್ಟಿಯಲ್ಲೇ ಹೆಸರಿರುವುದಿಲ್ಲ. ಬಿಹಾರದಲ್ಲಿ 2025ರ ಆಗಸ್ಟ್ 1ರಂದು ಪ್ರಕಟವಾದ ಕರಡಿನಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಆ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಬೇಕಾಯಿತು. ಬಿಎಲ್‌ಒ ಕೊಟ್ಟ ನಮೂನೆಯನ್ನು ಟಿವಿಯ ಮೇಲೆ ಇಟ್ಟು ಮರೆಯಬೇಡಿ. ತುಂಬಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

ಪದವೀಧರರು ಇನ್ನೊಂದನ್ನು ಗಮನಿಸಬೇಕು. ವಿಧಾನ ಪರಿಷತ್ತಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಪಟ್ಟಿಯೇ ಬೇರೆ. ಅದನ್ನು ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧಪಡಿಸುತ್ತಾರೆ. ಪದವೀಧರರು ನಮೂನೆ-18ನ್ನು, ಶಿಕ್ಷಕರು ನಮೂನೆ-19ನ್ನು ಪ್ರತಿ ಸಲವೂ ಕೊಡಬೇಕು.

ಅರ್ಜಿ ತಿರಸ್ಕಾರವಾದರೆ ಅಥವಾ ಹೆಸರು ತೆಗೆದುಹಾಕಿದರೆ, ಮತದಾರರ ನೋಂದಣಿ ಅಧಿಕಾರಿಯ ಆದೇಶದ ವಿರುದ್ಧ 15 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲೂ ನ್ಯಾಯ ಸಿಗದಿದ್ದರೆ 30 ದಿನಗಳೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಆದರೆ ವಿಚಾರಣೆಗೆ ಕರೆದಾಗ ಹೋಗದೆ ಉಳಿದವರು ಮೇಲ್ಮನವಿಯ ಹಕ್ಕನ್ನೇ ಕಳೆದುಕೊಳ್ಳಬಹುದು. ಹಾಗಾಗಿ ನೋಟಿಸು ಬಂದ ದಿನವೇ ಕೆಲಸಕ್ಕೆ ರಜೆ ಹೇಳಿಡಿ. ವಿಚಾರಣೆಗೆ ಮೂಲ ದಾಖಲೆ, ಜೆರಾಕ್ಸ್ ಪ್ರತಿ, ಉಲ್ಲೇಖ ಸಂಖ್ಯೆ ಮೂರನ್ನೂ ಹಿಡಿದು ನೀವೇ ಹೋಗಿ.