ಖಾಲಿ ಮನೆಯಲ್ಲೊಂದು ಹಾಡು

ಬ್ಯಾಂಡಿನ ಹುಡುಗರು ತಮ್ಮ ಪಾಪ್ ರಾಕ್ ಹಾಡಿನ ಜೊತೆ ಅದರ ಮ್ಯೂಸಿಕ್ ವಿಡಿಯೋಗೆ ಐಡಿಯಾನೂ ಕಳಿಸಿದ್ದರು. ಕಬ್ಬನ್ ಪಾರ್ಕ್, ಮಳೆ, ಬೆನ್ನು ತಿರುಗಿಸಿ ಹೋಗುವ ಹುಡುಗಿ. ಸಾಹಿತ್ಯದಲ್ಲಿ ಮಳೆ ಇದ್ದರೆ ತೆರೆ ಮೇಲೂ ಮಳೆ ಸುರೀಬೇಕಾ? ಕಿವಿಗೆ ಬಿದ್ದದ್ದನ್ನೇ ಕಣ್ಣಿಗೂ ಬಡಿಸಿದರೆ ನೋಡುವವರಿಗೆ ಕೆಲಸವೇ ಇರುವುದಿಲ್ಲ.

ಹುಡುಗಿಯನ್ನೇ ತೆಗೆದುಬಿಟ್ಟೆವು. ಹನುಮಂತನಗರದಲ್ಲಿ ನನ್ನ ಗೆಳೆಯ ಬಾಡಿಗೆ ಮನೆ ಖಾಲಿ ಮಾಡುತ್ತಿದ್ದ. ಹಾಲ್‌ನ ಮಾಸಿದ ಹಳದಿ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದಷ್ಟು ಜಾಗ ಮಾತ್ರ ಹೊಸ ಬಣ್ಣದ ಹಾಗಿತ್ತು. ಮೇಲೊಂದು ಮೊಳೆ. ಬಿಟ್ಟುಹೋದವರನ್ನು ತೋರಿಸೋಕೆ ಇಷ್ಟು ಸಾಕಲ್ವಾ? ಶಿಫ್ಟಿಂಗ್ ದಿನವೇ ಶೂಟಿಂಗ್ ಅಂತ ಆಯಿತು. ಹಾಡಿನ ಪಲ್ಲವಿ ಬಂದಾಗಲೆಲ್ಲ ಮನೆಯ ಒಂದೊಂದು ಸಾಮಾನು ಮಾಯ: ಮೊದಲು ಸೋಫಾ, ಆಮೇಲೆ ಫ್ರಿಜ್, ಕೊನೆಗೆ ಡ್ರಮ್ಸ್ ಕೂಡ.

ಹಾಡುವವನು ತೇಲಿದ ಹಾಗೆ ಕಾಣಬೇಕು, ಆದರೆ ತುಟಿ ತಪ್ಪಬಾರದು. ಅದಕ್ಕೊಂದು ಹಳೇ ಉಪಾಯವಿದೆ. ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ ಸೆಕೆಂಡಿಗೆ 48 ಫ್ರೇಮ್‌ನಲ್ಲಿ ಶೂಟ್ ಮಾಡುವುದು. ಎಡಿಟಿಂಗಿನಲ್ಲಿ 24ಕ್ಕೆ ಇಳಿಸಿದರೆ ತುಟಿ ಹಾಡಿಗೆ ಕೂರುತ್ತದೆ. ಕೂದಲು, ಧೂಳು, ಪರದೆ ಎಲ್ಲ ನಿಧಾನ. ನಿಮಿಷಕ್ಕೆ 96 ಬೀಟ್‌ನ ಹಾಡು 192 ಆಯಿತು. ಮೂರನೇ ಟೇಕಿಗೆ ಡ್ರಮ್ಮರ್ ಸ್ಟಿಕ್ ಕೆಳಗಿಟ್ಟು, "ಅಣ್ಣಾ, ಒಂದು ಕಾಫಿ ಆದ್ರೂ ಕೊಡ್ಸಿ" ಅಂದ. ಕೆಳಗಿನ ಮನೆ ಅಜ್ಜಿ ಮೆಟ್ಟಿಲು ಹತ್ತಿ ಬಂದು, "ಯಾಕಪ್ಪಾ, ರೈಲು ಹಿಡೀಬೇಕಾ ಇವನು?" ಅಂತ ಕೇಳಿದರು.

ಎಡವಟ್ಟು ಮಾಡಿದ್ದು ನಾನೇ. ಬೆಳಕಿಗೆ ಹಾಲ್‌ನ ಚೋಕ್ ಇರುವ ಹಳೇ ಟ್ಯೂಬ್‌ಲೈಟನ್ನೇ ಬಳಸಿದ್ದೆ. ಆ ಬಿಳಿಚಿಕೊಂಡ ಬೆಳಕು ಬೇರೆ ಯಾವ ಲೈಟಿನಲ್ಲೂ ಸಿಗಲ್ಲ. ಧೂಳು ಚೂಪಾಗಿ ಕಾಣಲಿ ಅಂತ ಕ್ಯಾಮೆರಾದ ಶಟರ್ ಸೆಕೆಂಡಿನ 1/250 ಭಾಗಕ್ಕೆ ಇಟ್ಟೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಗೋಡೆ ತುಂಬ ಕಪ್ಪು ಪಟ್ಟೆಗಳು ಓಡುತ್ತಿವೆ. ನಮ್ಮ ಕರೆಂಟ್ 50 ಹರ್ಟ್ಸ್, ಆ ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನನ್ನ ಶಟರ್ ಒಂದು ಮಿಣುಕಿನಷ್ಟು ಹೊತ್ತೂ ತೆರೆದಿರಲಿಲ್ಲ, ಅದಕ್ಕೇ ಪಟ್ಟೆ. ಶಟರ್ 1/100ಕ್ಕೆ ತಂದ ಮೇಲೆ ಪಟ್ಟೆ ಹೋಯಿತು. ಆದರೆ ಎರಡು ಗಂಟೆ ಕೆಲಸ ನೀರಲ್ಲಿ ಹೋಮ. ಟೆಂಪೋಗೆ ಏರಿದ್ದ ಸೋಫಾವನ್ನು ನಾಲ್ಕು ಜನ ಮತ್ತೆ ಮೇಲೆ ಹೊತ್ತು ತಂದೆವು.

ಕೊನೇ ಶಾಟಿನಲ್ಲಿ ಬರೀ ಗೋಡೆ, ಮೊಳೆ. ಗೆಳೆಯ ಆ ಮೊಳೆ ಕೀಳೋಕೆ ಹೋದ, ಬೇಡ ಅಂದೆ. ಹೇಗೂ ಪೇಂಟಿಂಗಿಗೆ ಅಂತ ಓನರ್ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದರು.