ಹತ್ತಿ ಹಿಡಿದು ಮ್ಯಾಂಚೆಸ್ಟರ್ ಪಾಠ ಮಾಡಿದ್ದು

ಗದಗ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಮೊದಲೆಲ್ಲ ಕೈಗಾರಿಕಾ ಕ್ರಾಂತಿ ಅಂದರೆ ನೂಲುವ, ನೇಯುವ ಯಂತ್ರ ಯಾರು ಮಾಡಿದ್ದು ಅಂತ ಬೋರ್ಡಿನ ಮೇಲೆ ಪಟ್ಟಿ ಬರೆಸುತ್ತಿದ್ದೆ. ಹಾರ್ಗ್ರೀವ್ಸ್ ಸ್ಪಿನ್ನಿಂಗ್ ಜೆನ್ನಿ, ಕ್ರಾಂಪ್ಟನ್ ಮ್ಯೂಲ್, ಕಾರ್ಟ್‌ರೈಟ್ ಪವರ್‌ಲೂಮ್. ಮಕ್ಕಳು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಳ್ಳುತ್ತಿದ್ದರು. ಆ ಯಂತ್ರ ಯಾಕೆ ಬೇಕಾಯ್ತು ಅಂತ ಕೇಳಿದರೆ ಎಲ್ಲರೂ ಸುಮ್ನೆ ಕೂರುತ್ತಿದ್ದರು. ಹತ್ತಿ ಬೆಳೆಯುವ ಮನೆಯ ಮಕ್ಕಳೇ ಹೀಗಾದರೆ ತಪ್ಪು ನನ್ನದೇ ಅಲ್ವಾ?

ಒಂದು ವರ್ಷ ಪುಸ್ತಕ ಮುಚ್ಚಿಸಿದೆ. ಒಬ್ಬ ಹುಡುಗ ಮನೆಯಿಂದ ಹೈಬ್ರಿಡ್ ಹತ್ತಿ ತಂದ. ಪಕ್ಕದೂರಿನ ಹಿರಿಯ ರೈತರೊಬ್ಬರು ಜಯಧರ ಅನ್ನುವ ಜವಾರಿ (ನಾಟಿ) ಹತ್ತಿ ಕೊಟ್ಟರು. ಹಳೇ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ನಾವು ಕೈಯಿಂದ ಉರುಳಿಸಿದೆವು. ಜವಾರಿ ಹತ್ತಿಯ ಬೀಜ ಮುಂದೆ ಮುಂದೆ ಜಾರಿತು, ಅರಳೆ ಹಿಂದೆ ಉಳಿಯಿತು. ಹೈಬ್ರಿಡ್ ಮಾತ್ರ ಬಿಡಲೇ ಇಲ್ಲ. ಬೀಜ ಜಜ್ಜಿ ಅರಳೆಗೆಲ್ಲ ಎಣ್ಣೆಯ ಕಲೆ ಹತ್ತಿತು. ಒಂದು ಪೀರಿಯಡ್ ಮುಗಿಯುವಷ್ಟರಲ್ಲಿ ಇಡೀ ತರಗತಿ ಬಿಡಿಸಿದ್ದು ಸಣ್ಣ ದಿಂಬಿಗೂ ಸಾಲದಷ್ಟು.

ಆಗ ಹೇಳಿದೆ. ಜವಾರಿ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿತ್ತು, ಅದಕ್ಕೇ ವ್ಯಾಪಾರದಲ್ಲಿ ಅದರ ಹೆಸರೇ 'ಕುಮಟಾ'. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದ ಬಟ್ಟೆ ಗಿರಣಿಗಳಿಗೆ ಉದ್ದ ಎಳೆ ಬೇಕಿತ್ತು. ಹಾಗಾಗಿ 1840ರ ದಶಕದಲ್ಲಿ ಧಾರವಾಡ ಸೀಮೆಯ ಹೊಲಗಳಿಗೆ ಅಮೆರಿಕದ ತಳಿ ಬಂತು. ನಮ್ಮ ಹೈಬ್ರಿಡ್‌ನ ಹಾಗೆ ಅದರ ಎಳೆಯೂ ಬೀಜಕ್ಕೆ ಅಂಟಿಕೊಂಡಿರುತ್ತದೆ. ಸಲಾಕೆಗೆ ಬಗ್ಗುವುದಿಲ್ಲ, ಗರಗಸದ ಹಲ್ಲಿನ ಜಿನ್, ಅಂದರೆ ಬೀಜ ಬಿಡಿಸುವ ಯಂತ್ರ ಬೇಕು. ಬೆರಳು ನೋಯುತ್ತಿದ್ದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮರುದಿನ ಕೈಯಲ್ಲಿ ನೂಲುವ ತಕಲಿ ಕೊಟ್ಟೆ. 'ಒಂದಕ್ಕ ಒಂದ ಎಳಿ ಬರ್ತದಲ್ರೀ ಸರ್, ಎಂಟು ಕೂಡಿ ತಿರುಗಿಸಿದ್ರ?' ಅಂದ ಒಬ್ಬ. ಮೊದಲ ಜೆನ್ನಿಯಲ್ಲಿ ಇದ್ದದ್ದು ಎಂಟೇ ಕದಿರು! ಅವನ ಬೆನ್ನು ತಟ್ಟಿದೆ.

ರಾಜಕೀಯದ ಭಾಗಕ್ಕೆ ಬೆಂಚುಗಳೇ ಸಾಕಾದವು. ಮೂಲೆಯ ಖಾಲಿ ಬೆಂಚಿಗೆ 'ಓಲ್ಡ್ ಸಾರಮ್' ಅಂತ ಚೀಟಿ ಹಚ್ಚಿ, ಇದು ಇಂಗ್ಲೆಂಡಿನಲ್ಲಿ ಜನರೇ ಇಲ್ಲದಂಥ ಹಾಳೂರು, ಆದರೂ ಇದಕ್ಕೆ ಇಬ್ಬರು ಎಂಪಿ ಅಂದೆ. ಉಳಿದ ತರಗತಿಯೆಲ್ಲ ಮ್ಯಾಂಚೆಸ್ಟರ್, ಲಕ್ಷಕ್ಕೂ ಜಾಸ್ತಿ ಜನ, ಎಂಪಿ ಸೊನ್ನೆ. ಗದ್ದಲವೋ ಗದ್ದಲ. ಆ ಗದ್ದಲದ ನಡುವೆಯೇ 1819ರ ಆಗಸ್ಟ್ 16ರ ಕಥೆ ಹೇಳಿದೆ. ಓಟು ಕೇಳಲು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದ್ದರು. ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರೂ ಇದ್ದರು. ಅವರ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ತರಗತಿ ತಾನಾಗಿ ಸುಮ್ಮನಾಯ್ತು. 1832ರಲ್ಲಿ ಮ್ಯಾಂಚೆಸ್ಟರಿಗೆ ಎರಡು ಸೀಟು ಸಿಕ್ಕವು. ಆದರೆ ಪಟ್ಟಣದಲ್ಲಿ ವರ್ಷಕ್ಕೆ 10 ಪೌಂಡ್ ಬಾಳುವ ಮನೆ ಇದ್ದ ಗಂಡಸರಿಗೆ ಮಾತ್ರ ಓಟು. ನೂಲುವವರು ಹೊರಗೇ ಉಳಿದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಬರುವ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ಇರುವ ಲ್ಯಾಂಕಾಶೈರ್ ಸೀಮೆಯಲ್ಲಿ ಗಿರಣಿ ಮುಚ್ಚಿ ಜನ ಹಸಿದರು. ಇಲ್ಲಿ ಹತ್ತಿಗೆ ಬಂಗಾರದ ರೇಟು ಬಂತು, ಯುದ್ಧ ಮುಗಿದ ಮೇಲೆ ನೆಲ ಕಚ್ಚಿತು. ಹಸಿದಿದ್ದರೂ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿ ವಿರುದ್ಧ ಅಮೆರಿಕದ ಅಧ್ಯಕ್ಷ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಇದನ್ನು ಹೇಳುವಾಗ ಪ್ರತಿ ವರ್ಷವೂ ನನ್ನ ಗಂಟಲು ಕಟ್ಟುತ್ತದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. 'ಅಲ್ಲಿ ಹೆಣ್ಮಕ್ಕಳಿಗೆ ಓಟು ಯಾವಾಗ್ರೀ ಸರ್?' 30 ದಾಟಿದ ಕೆಲವರಿಗೆ 1918ರಲ್ಲಿ, ಗಂಡಸರ ಸಮಕ್ಕೆ 1928ರಲ್ಲಿ ಅಂತ ಬೋರ್ಡಿನ ಮೇಲೆ ಬರೆದೆ. 'ಮತ್ತ ಸಲಾಕಿ ಉರುಳಿಸಿದ ನಮ್ಮ ಅಜ್ಜೇರಿಗೆ?' ನಾನು ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ ಯಾವಾಗ ಅಂತ ಅವಳಿಗೆ ಗೊತ್ತಿತ್ತು. 1928ರ ಕೆಳಗೆ 1951–52 ಅಂತ ದಪ್ಪಗೆ ಬರೆದಳು.