ಕೆರೆ ಏರಿಯ ಮೇಲಿನ ರಸ್ತೆಯ ಇತಿಹಾಸ ಹುಡುಕುವ ಬಗೆ

ಬೆಂಗಳೂರು ನದಿಯಿಲ್ಲದ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಹಬ್ಬಿರುವ ಈ ನಗರದಲ್ಲಿ ನೀರಿನ ಅಂಚಿಗೆ ಸಾಗುವ ರಸ್ತೆಗಳು ಬಹುಮಟ್ಟಿಗೆ ಯಾವುದಾದರೊಂದು ಕೆರೆಯ ಏರಿಯ ಮೇಲೋ ಅದರ ಮಗ್ಗುಲಲ್ಲೋ ಬೆಳೆದವು. ಮಲ್ಲೇಶ್ವರದಿಂದ ಸದಾಶಿವನಗರದ ಕಡೆಗೆ ಹೋಗುವ ಸ್ಯಾಂಕಿ ಕೆರೆಯ ರಸ್ತೆ, ಹಲಸೂರು ಕೆರೆಯನ್ನು ಬಳಸಿಕೊಂಡು ಹೋಗುವ ಕೆನ್ಸಿಂಗ್ಟನ್ ರಸ್ತೆ, ಕೆರೆಯೇ ಇಲ್ಲದಿದ್ದರೂ ಹೆಸರನ್ನು ಮಾತ್ರ ಬಿಟ್ಟುಕೊಡದ ಮೆಜೆಸ್ಟಿಕ್‌ನ ಟ್ಯಾಂಕ್ ಬಂಡ್ ರಸ್ತೆ, ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆ ಇವೆಲ್ಲ ಒಂದೇ ಬಳಗದವು. ಇಂಥ ರಸ್ತೆಯ ಇತಿಹಾಸ ಬರೆಯಲು ಹೊರಟವರು ಸಾಮಾನ್ಯವಾಗಿ ರಸ್ತೆಯ ದಾಖಲೆಗಳನ್ನು ಕೇಳಿಕೊಂಡು ಪಾಲಿಕೆಯ ಕಚೇರಿಗೆ ಹೋಗುತ್ತಾರೆ, ಡಾಂಬರು ಹಾಕಿದ ಟೆಂಡರ್ ಕಡತಗಳ ಆಚೆಗೆ ಏನೂ ಸಿಗದೆ ಹಿಂತಿರುಗುತ್ತಾರೆ. ಏರಿಯೆಂಬುದು ಮೊದಲು ನೀರು ನಿಲ್ಲಿಸಲು ಕಟ್ಟಿದ್ದು, ದಾರಿಯಾದದ್ದು ಆಮೇಲೆ. ಹಾಗಾಗಿ ಅದರ ಚರಿತ್ರೆಯನ್ನು ನೀರಿನ ಕಡೆಯಿಂದ, ಎಂದರೆ ಶಾಸನ, ಕಂದಾಯದ ನಕ್ಷೆ ಮತ್ತು ಹಳೆಯ ಕಾಮಗಾರಿ ವರದಿಗಳ ಮೂಲಕ ಹುಡುಕಬೇಕಾಗುತ್ತದೆ.

ಕಾಗದಕ್ಕೆ ಕೈ ಹಾಕುವ ಮೊದಲು ರಸ್ತೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಬೇಕು. ಅದು ನಿಜವಾಗಿ ಏರಿಯ ಮೇಲಿದೆಯೇ, ಇಲ್ಲವೇ ಕೆರೆಯ ಅಂಗಳವನ್ನು ಒತ್ತಿ ಹಾಕಿದ ದಂಡೆಯ ರಸ್ತೆಯೇ ಎಂಬುದು ಮೊದಲು ತೀರ್ಮಾನವಾಗಬೇಕಾದ ವಿಷಯ. ಏರಿಯಾದರೆ ಒಂದು ಮಗ್ಗುಲಲ್ಲಿ ನೀರು ಅಥವಾ ಹಿಂದೆ ನೀರಿದ್ದ ಬಯಲು, ಇನ್ನೊಂದು ಮಗ್ಗುಲಲ್ಲಿ ಅದಕ್ಕಿಂತ ತಗ್ಗಾದ ನೆಲ ಇರುತ್ತದೆ. ತಗ್ಗಿನ ಕಡೆಯ ಅಡ್ಡರಸ್ತೆಗಳು ಇಳಿಜಾರಾಗಿ ಅಥವಾ ಮೆಟ್ಟಿಲುಗಳಾಗಿ ಕೆಳಗಿಳಿಯುತ್ತವೆ. ಏರಿಯ ಎರಡು ತುದಿಗಳು ದಿಣ್ಣೆಗೆ ತಾಗಿ ಮುಗಿಯುತ್ತವೆ. ಅಂಥ ತುದಿಯ ಹತ್ತಿರವೇ ಸಾಮಾನ್ಯವಾಗಿ ಹೆಚ್ಚುವರಿ ನೀರು ಹೊರಬೀಳುವ ಕೋಡಿ ಇರುತ್ತದೆ. ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬಿನ ಜಾಗ ಹುಡುಕುವುದು ಇದಕ್ಕಿಂತ ಕಷ್ಟ, ಏಕೆಂದರೆ ಅಚ್ಚುಕಟ್ಟಿನ, ಎಂದರೆ ಆ ನೀರಿನಿಂದ ಬೆಳೆಯುತ್ತಿದ್ದ, ಗದ್ದೆಗಳು ಬಡಾವಣೆಗಳಾದ ಮೇಲೆ ತೂಬನ್ನು ಮುಚ್ಚಿ ಮೇಲೆ ಕಾಲುದಾರಿ ಹಾಸಿರುತ್ತಾರೆ. ಆದರೂ ನೀರಿನ ಕಡೆಗೆ ಇಣುಕಿದರೆ ಎರಡು ಕಲ್ಲುಗಂಬಗಳೂ ಅವಕ್ಕೆ ಅಡ್ಡಲಾಗಿ ಕೂರಿಸಿದ, ನಡುವೆ ತೂತಿರುವ ಕಲ್ಲಿನ ಹಲಗೆಯೂ ಕಣ್ಣಿಗೆ ಬೀಳುವುದುಂಟು. ಆ ತೂತಿನಲ್ಲಿ ಇಳಿಬಿಟ್ಟ ಕೋಲನ್ನು ಎತ್ತಿ ಇಳಿಸಿ ನೀರುಗಂಟಿ ಗದ್ದೆಗೆ ನೀರು ಬಿಡುತ್ತಿದ್ದ. ಅದು ಕಂಡರೆ, ಮೇಲಿನ ರಸ್ತೆಗೆ ಯಾರ ಹೆಸರಿದ್ದರೂ, ಕೆಳಗಿರುವುದು ಬೇಸಾಯಕ್ಕಾಗಿ ಕಟ್ಟಿದ ಏರಿಯೆಂದು ಧೈರ್ಯವಾಗಿ ಬರೆದುಕೊಳ್ಳಬಹುದು.

ನಾಗರಕಲ್ಲು, ವೀರಗಲ್ಲು, ಏರಿಯಮ್ಮನ ಗುಡಿ, ಆಲದ ಕಟ್ಟೆ ಇವುಗಳನ್ನೂ ಗುರುತು ಹಾಕಿಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ಧರ್ಮಾಂಬುಧಿ ಕೆರೆ ಹೋಗಿ ಅದರ ಅಂಗಳದಲ್ಲಿ ಬಸ್ ನಿಲ್ದಾಣ ಬಂದಿದ್ದರೂ ದಡದಲ್ಲಿದ್ದ ಅಣ್ಣಮ್ಮ ದೇವಿ ಮಾತ್ರ ಇದ್ದ ಆಸುಪಾಸಿನಲ್ಲೇ ಇದ್ದಾಳೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಆದರೆ ಕರಗದ ವಿಧಿಗಳಿಗೆ ಬೇಕೆಂಬ ಕಾರಣಕ್ಕೆ ಅದರ ಒಂದು ಸಣ್ಣ ಕೊಳ ಉಳಿದುಕೊಂಡಿತು. ಕೆರೆ ಅಳಿದ ಮೇಲೆ ಅದರ ಅಂಚು ಎಲ್ಲಿತ್ತೆಂದು ಹೇಳಬಲ್ಲ ಸಾಕ್ಷಿಗಳಲ್ಲಿ ದೇವರ ಜಾಗದಷ್ಟು ಗಟ್ಟಿಯಾದದ್ದು ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಡಿ ಕಲ್ಲುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ರಸ್ತೆ ಅಗಲ ಮಾಡುವಾಗ ಅವನ್ನು ಎತ್ತಿ ಹತ್ತಿರದ ಗುಡಿಯ ಗೋಡೆಗೆ ಒರಗಿಸಿಡುವುದು ನಮ್ಮಲ್ಲಿ ಮಾಮೂಲು.

ಎರಡನೆಯ ಹೆಜ್ಜೆ ಕಂದಾಯ ಗ್ರಾಮದ ನಕ್ಷೆ. ಇಂದಿನ ಬಡಾವಣೆಯ ಹೆಸರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಆ ನೆಲ ಹಿಂದೆ ಯಾವ ಗ್ರಾಮಕ್ಕೆ ಸೇರಿತ್ತೆಂಬುದು ಗೊತ್ತಿರಬೇಕು. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಏರಿಯ ಮೇಲೆ ನಿಂತರೆ ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರ್ ಮೂರೂ ಸಿಗುತ್ತವೆ. ಅವನ್ನಿಟ್ಟುಕೊಂಡು ಭೂಮಾಪನ ಇಲಾಖೆಯಲ್ಲಿ ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯಗಳ ಪಟ್ಟಿ) ಮತ್ತು ಮೂಲ ಟಿಪ್ಪಣಿಗಳ (ಅಳತೆಯ ಚಿತ್ರಗಳ) ನಕಲಿಗೆ ಅರ್ಜಿ ಹಾಕಬಹುದು. ನಕಲು ಕೈಗೆ ಬಂದಾಗ ಮುಖ್ಯವಾಗಿ ಎರಡು ಸಂಗತಿಗಳನ್ನು ನೋಡಬೇಕು. ಮೊದಲನೆಯದು, ಇಂದಿನ ರಸ್ತೆ ಕೆರೆಯ ಸರ್ವೆ ನಂಬರಿನ ಒಳಗೆ ಬರುತ್ತದೆಯೇ ಅಥವಾ ಅದರ ಹೊರಗೆ ಬೇರೆ ಪಟ್ಟಿಯಾಗಿ ಬಂಡಿದಾರಿಯ ಗುರುತಿನಲ್ಲಿ ಬಿದ್ದಿದೆಯೇ ಎಂಬುದು. ಒಳಗೇ ಬಂದರೆ ಅಳತೆ ನಡೆದ ಕಾಲದಲ್ಲಿ ಅದನ್ನು ಏರಿಯೆಂದೇ ಎಣಿಸಿದ್ದರು, ರಸ್ತೆ ಆಮೇಲೆ ಅದರ ಬೆನ್ನೇರಿತು ಎಂದು ಊಹಿಸಲು ಆಧಾರವಾಗುತ್ತದೆ. ಹೊರಗಿದ್ದರೆ ಅಳತೆಗೆ ಮೊದಲೇ ಜನ, ಗಾಡಿ ಓಡಾಡುತ್ತಿದ್ದ ದಾರಿಯದು. ಎರಡನೆಯದು, ಏರಿಯ ಕೆಳಗಿನ ಜಮೀನುಗಳ ವರ್ಗ: ಖುಷ್ಕಿಗಳ (ಮಳೆ ನಂಬಿದ ಹೊಲಗಳ) ನಡುವೆ ಏರಿಗೆ ತಾಗಿದಂತೆ ತರಿಯೋ (ನೀರಾವರಿ ಗದ್ದೆ) ಬಾಗಾಯ್ತೋ (ತೋಟ) ಒಂದು ಗೊಂಚಲಾಗಿ ಕಂಡರೆ ಅದು ಆ ಕೆರೆಯ ಅಚ್ಚುಕಟ್ಟು, ಮತ್ತು ಆ ಗೊಂಚಲು ಆರಂಭವಾಗುವ ಮೂಲೆಯೇ ನೀವು ನೆಲದ ಮೇಲೆ ಹುಡುಕಿ ಕಾಣದ ತೂಬಿನ ಜಾಗ.

ಶಾಸನಗಳ ಕೆಲಸ ಈಗ ಮೊದಲಿಗಿಂತ ಸುಲಭವಾಗಿದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು; ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಈ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಮರುಓದಿಗೆ ಒದಗಿಸುತ್ತಿದ್ದಾರೆ. ಊರಿನ ಪ್ರತಿಯೊಂದು ಕೆರೆಯನ್ನೂ ಕೆಂಪೇಗೌಡರ ಖಾತೆಗೆ ಬರೆಯುವ ರೂಢಿಯನ್ನು ಈ ಹಂತದಲ್ಲಿ ಬಿಡಬೇಕು. ಕೆಂಪೇಗೌಡರು ಬೆಂಗಳೂರು ಪೇಟೆಯನ್ನು ಕಟ್ಟಿದ್ದು 1537ರಲ್ಲೆಂದು ಹೇಳುತ್ತೇವೆ. ಹೊಯ್ಸಳರ ಕಾಲದ, 1307ರ ವಿಭೂತಿಪುರದ ತಮಿಳು ಶಾಸನ ಆಗಲೇ ಕಾಡು ಕಡಿದು ನೆಲ ಸಮಮಾಡಿ ಕೆರೆ ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಪೂರ್ವ ದಿಕ್ಕಿನ ಹಳ್ಳಿಗಳಲ್ಲಿ ತಮಿಳು ಶಾಸನಗಳು ಹೆಚ್ಚಾಗಿರುವುದರಿಂದ ಆ ಲಿಪಿ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ಶಾಸನದ ತೇದಿ ಕೆರೆಗೆ ಸಲ್ಲುತ್ತದೆಯೇ ಹೊರತು ಮೇಲಿನ ರಸ್ತೆಗಲ್ಲ ಎಂಬುದನ್ನು ಟಿಪ್ಪಣಿಯಲ್ಲಿ ಒತ್ತಿ ಬರೆದುಕೊಳ್ಳಿ.

ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಬಂದಾಗ ಮುಖ್ಯ ಪ್ರಶ್ನೆ, ಆ ರಸ್ತೆ ಯಾರ ಆಡಳಿತದಲ್ಲಿತ್ತು ಎಂಬುದು. 1809ರಲ್ಲಿ ಬ್ರಿಟಿಷ್ ಸೇನೆಯ ದಂಡು (ಕಂಟೋನ್ಮೆಂಟ್) ನೆಲೆಯಾಯಿತು, 1862ರಲ್ಲಿ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳಾದವು, 1881ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷರಿಂದ ಒಡೆಯರಿಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲೇ ಉಳಿಯಿತು, ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಆದ್ದರಿಂದ ಹಲಸೂರು ಅಥವಾ ಮಿಲ್ಲರ್ಸ್ ಕೆರೆಯ ರಸ್ತೆಯ ಕಡತಗಳನ್ನು ಮೈಸೂರು ಸರ್ಕಾರದ ಪುರಸಭಾ ದಾಖಲೆಗಳಲ್ಲಿ ಹುಡುಕಿದರೆ ಕಾಲಹರಣವಾಗುತ್ತದೆ. ಅವು ರೆಸಿಡೆನ್ಸಿಯ ಹಾಗೂ ಮಿಲಿಟರಿ ಇಲಾಖೆಯ ದಾಖಲೆಗಳ ಕಡೆಯವು. ಧರ್ಮಾಂಬುಧಿ, ಕೆಂಪಾಂಬುಧಿ ಕಡೆಯವಾದರೆ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಡತಗಳನ್ನು ಕೇಳಿ, ಜೊತೆಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಮೈಸೂರಿನ ವಾರ್ಷಿಕ ಆಡಳಿತ ವರದಿಗಳ ಲೋಕೋಪಯೋಗಿ ಅಧ್ಯಾಯವನ್ನು ಓದಿ. ವರದಿ ನೀರಸವಾಗಿರುತ್ತದೆ, ಆದರೆ ಯಾವ ವರ್ಷ ಯಾವ ಕೆರೆಗೆ ಎಷ್ಟು ಹಣವಾಯಿತೆಂಬುದು ಇಂಥಲ್ಲೇ ಸಿಗುವುದು.

ಯಾವ ಕಾಲದಲ್ಲಿ ಯಾರ ಆಡಳಿತವಿತ್ತೆಂದು ನೋಡುವುದು ಯಾಕೆ ಮುಖ್ಯವೆಂಬುದಕ್ಕೆ ಸ್ಯಾಂಕಿ ಕೆರೆ ಒಳ್ಳೆಯ ಉದಾಹರಣೆ. ಸರ್ಕಾರದ ಗಂಧದ ಡಿಪೋ ಹತ್ತಿರವಿದ್ದುದರಿಂದ ಗಂಧದಕೋಟಿ ಕೆರೆಯೆಂದೂ ಕರೆಯುತ್ತಿದ್ದ ಇದನ್ನು 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದರೆಂದು ಕೈಪಿಡಿಗಳೆಲ್ಲ ಹೇಳುತ್ತವೆ. ವಿಸ್ತೀರ್ಣ ಸುಮಾರು 37 ಎಕರೆ. ಆದರೆ ಸ್ಯಾಂಕಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದುದು 1864ರಿಂದ ಸುಮಾರು 13 ವರ್ಷ. ಕೆರೆಗೆ ಹೇಳುವ ವರ್ಷದ ಹೊತ್ತಿಗೆ ಅವರು ಮೈಸೂರಿನ ಸೇವೆ ಬಿಟ್ಟು ಮದ್ರಾಸ್ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದರು, ಇತ್ತ ಸಂಸ್ಥಾನವೂ ಒಡೆಯರಿಗೆ ಮರಳಿತ್ತು. ಯೋಜನೆ ಅವರದಾಗಿ ಕೆಲಸ ಮುಗಿದದ್ದು ಆಮೇಲಿರಬಹುದು, ಹೆಸರು ಗೌರವಕ್ಕೆ ಇಟ್ಟದ್ದೂ ಇರಬಹುದು. 1870ರ ದಶಕದ ಕೊನೆಯ ಮತ್ತು 1880ರ ದಶಕದ ಮೊದಲ ಆಡಳಿತ ವರದಿಗಳನ್ನು ಪಕ್ಕಪಕ್ಕ ಇಟ್ಟು ಓದದೆ ಇದನ್ನು ಇತ್ಯರ್ಥ ಮಾಡಬಾರದು. ಒಂದೇ ಹೆಸರಿಗೆ ಒಂದೇ ಇಸವಿ ಅಂಟಿಕೊಂಡು ಎಲ್ಲ ಕಡೆ ನಕಲಾಗುತ್ತಿದ್ದರೆ, ಅವರು ಆಗ ಎಲ್ಲಿ ನೌಕರಿಯಲ್ಲಿದ್ದರೆಂದು ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ.

ನಕ್ಷೆಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರನ್ನು ಮುತ್ತಿದಾಗ ಬರೆದ ಸೇನಾ ನಕ್ಷೆಗಳು ಕೋಟೆ, ಪೇಟೆ ಮತ್ತು ಸುತ್ತಲ ಕೆರೆಗಳಿಗೆ ಉಪಯುಕ್ತ. ಆಮೇಲಿನದಕ್ಕೆ ಸರ್ವೆ ಆಫ್ ಇಂಡಿಯಾದ ಹಾಳೆಗಳು, ಪ್ರವಾಸಿ ಕೈಪಿಡಿಗಳಲ್ಲಿ ಅಚ್ಚಾದ ಊರ ನಕ್ಷೆಗಳು ಇವೆ. ಪ್ರತಿಯೊಂದರಲ್ಲೂ ಏರಿಯ ಮೇಲೆ ಗೆರೆ ಒಂದಿದೆಯೇ ಎರಡಿದೆಯೇ, ಎರಡಾದದ್ದು, ಎಂದರೆ ಅದನ್ನು ರಸ್ತೆಯೆಂದು ಗುರುತಿಸಿದ್ದು, ಯಾವ ನಕ್ಷೆಯಿಂದ ಎಂಬುದನ್ನು ಭೂತಗನ್ನಡಿ ಹಿಡಿದು ನೋಡಬೇಕು. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳು ಈಚಿನ ಎರಡು ದಶಕಗಳಿಗಷ್ಟೇ ಸಾಕು.

ತೀರಾ ಈಚಿನ ಕಾಲಕ್ಕೆ ನ್ಯಾಯಾಲಯದ ಕಡತಗಳಂಥ ಆಕರ ಬೇರೆಯಿಲ್ಲ. ಸ್ಯಾಂಕಿ ರಸ್ತೆಯ ಅಗಲೀಕರಣಕ್ಕೆ 2011ರಲ್ಲಿ ಮರಗಳಿಗೆ ಕೊಡಲಿ ಬಿದ್ದಾಗ ನಿವಾಸಿಗಳು ಬೀದಿಗಿಳಿದರು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಇಂಥ ಅರ್ಜಿಗಳ ಅನುಬಂಧಗಳಲ್ಲಿ ಅಳತೆಯ ನಕ್ಷೆ, ಮರಗಳ ಪಟ್ಟಿ, ಇಲಾಖೆಗಳ ಪತ್ರವ್ಯವಹಾರ ಒಟ್ಟಿಗೆ ಇರುತ್ತವೆ. ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ಪಾಲಿಕೆ ಈಗ ಐದಾಗಿ ಹಂಚಿಹೋಗಿರುವುದನ್ನು ನೆನಪಿಟ್ಟು, ಕೆರೆ ಯಾರದು, ರಸ್ತೆ ಯಾರದು ಎಂದು ಎರಡು ಅರ್ಜಿಗಳಲ್ಲಿ ಕೇಳುವುದು ಲೇಸು.

ಹಿರಿಯರನ್ನು ಮಾತಾಡಿಸುವಾಗ ‘ಆ ಕಾಲದಲ್ಲಿ ಹೇಗಿತ್ತು’ ಎಂದು ಕೇಳಬೇಡಿ. ಚೆನ್ನಾಗಿತ್ತು ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಕೆರೆ ಕೋಡಿ ಬಿದ್ದದ್ದು ಕೊನೆಯ ಸಲ ಯಾವಾಗ, ಆಗ ನಿಮ್ಮ ಮನೆಯಲ್ಲಿ ಯಾರ ಮದುವೆ ಅಥವಾ ಹೆರಿಗೆ ಆಗಿತ್ತು, ಏರಿಯ ಮೇಲೆ ಬಸ್ಸು ಬರುತ್ತಿತ್ತೇ ಗಾಡಿಯೇ, ದನ ಎಲ್ಲಿ ನೀರಿಗಿಳಿಯುತ್ತಿದ್ದವು, ನೀರುಗಂಟಿಗೆ ಸುಗ್ಗಿಯಲ್ಲಿ ಎಷ್ಟು ಕಾಳು ಅಳೆಯುತ್ತಿದ್ದರು ಎಂದು ಕೇಳಿ. ಮನೆಯ ಘಟನೆಗೆ ಗಂಟು ಹಾಕಿದ ನೆನಪಿಗೆ ಇಸವಿ ತಾನಾಗಿ ಬರುತ್ತದೆ, ಅದನ್ನು ಮಳೆಯ ದಾಖಲೆಯೊಂದಿಗೆ ತಾಳೆ ನೋಡಬಹುದು.

ಬರೆಯಲು ಕೂತಾಗ ನಾಲ್ಕು ತೇದಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ: ಏರಿ ಕಟ್ಟಿದ್ದು, ಅದು ದಾರಿಯಾದದ್ದು, ಡಾಂಬರು ಬಿದ್ದದ್ದು, ಈಗಿನ ಹೆಸರು ಬಂದದ್ದು. ನಾಲ್ಕೂ ಸಿಗುವುದು ಅಪರೂಪ. ಸಿಕ್ಕಿದ್ದರ ಮುಂದೆ ಆಧಾರ ಬರೆದು, ಸಿಗದ್ದರ ಜಾಗವನ್ನು ಖಾಲಿ ಬಿಟ್ಟು, ಕೋಡಿ, ತೂಬು, ಗುಡಿಗಳನ್ನು ಗುರುತಿಸಿದ ನಿಮ್ಮ ಕೈನಕ್ಷೆಯ ಒಂದು ಪ್ರತಿಯನ್ನು ಹತ್ತಿರದ ಶಾಖಾ ಗ್ರಂಥಾಲಯಕ್ಕೆ ಕೊಡಿ.